"ಇದು ನಮ್ಮ ಅಂತಿಮ ಉತ್ತರ"

ಬ್ಯಾಂಕಿನ ಪತ್ರ ಬಂದಿದ್ದು 2012ರ ಏಪ್ರಿಲ್‌ನಲ್ಲಿ. ಎರಡು ಹಾಳೆ, ದಪ್ಪ ಕಾಗದ. ನೈಟ್ ಶಿಫ್ಟ್ ಮುಗಿಸಿ ಬಂದವಳು ಕೋಟು ಕೂಡ ಬಿಚ್ಚದೆ ಬಾಗಿಲ ಹತ್ತಿರವೇ ನಿಂತು ಓದಿದೆ. ನನ್ನ ದೂರನ್ನು ಎಲ್ಲಾ ಕಡೆಯಿಂದ ಪರಿಶೀಲಿಸಿದ್ದಾರಂತೆ. ಸಾಲದ ಜೊತೆ ಕೊಟ್ಟ ವಿಮೆಯನ್ನು ಸರಿಯಾಗಿಯೇ ಮಾರಿದ್ದರಂತೆ. ಕೊನೆಗೆ ಒಂದು ಸಾಲು: "ಇದು ನಮ್ಮ ಅಂತಿಮ ಉತ್ತರ."

ಸಿಟ್ಟು ಬರಲಿಲ್ಲ. ನಾಚಿಕೆಯಾಯಿತು. ಸಹಿ ಹಾಕಿದ್ದು ನಾನೇ ಅಲ್ವಾ? ಓದಿದವಳು, ಆಸ್ಪತ್ರೆಯಲ್ಲಿ ಔಷಧಿಯ ಅಳತೆಯನ್ನು ಎರಡೆರಡು ಸಲ ನೋಡಿ ಕೊಡುವವಳು, ಒಂದು ಸಾಲದ ಕಾಗದ ನೋಡಿಕೊಳ್ಳಲು ಆಗಲಿಲ್ಲವಾ ಅನ್ನಿಸಿತು. ಪತ್ರವನ್ನು ಮಡಿಸಿ ಅಡುಗೆಮನೆಯ ಡ್ರಾಯರಿಗೆ ಹಾಕಿದೆ. ನಾಲ್ಕು ತಿಂಗಳು ಅಲ್ಲೇ ಇತ್ತು.

ಆ ನಾಲ್ಕು ತಿಂಗಳಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ಬ್ಯಾಂಕಿನ "ಇಲ್ಲ" ಎಂಬ ಪತ್ರವನ್ನು ನಾನು ತೀರ್ಪು ಅಂದುಕೊಂಡಿದ್ದೆ. ಅದು ತೀರ್ಪಲ್ಲ. ಜಗಳದಲ್ಲಿ ಒಂದು ಕಡೆಯವರು ಹೇಳಿದ ಮಾತು, ಅಷ್ಟೇ.

ಮೊದಲಿನಿಂದ ಹೇಳುತ್ತೇನೆ. ನಾನು 2001ರಲ್ಲಿ ನರ್ಸ್ ಆಗಿ ಇಂಗ್ಲೆಂಡಿಗೆ ಬಂದೆ. ಎನ್‌ಎಚ್‌ಎಸ್, ಅಂದರೆ ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಯ ಆಸ್ಪತ್ರೆಯ ಕೆಲಸ. ಐದು ವರ್ಷ ಬಸ್ಸಿನಲ್ಲೇ ಓಡಾಡಿದೆ. ಭಾನುವಾರದ ಬೆಳಗಿನ ಶಿಫ್ಟಿಗೆ ಮೊದಲ ಬಸ್ಸು ಹೊತ್ತಿಗೆ ಸರಿಯಾಗಿ ಬರುತ್ತಿರಲಿಲ್ಲ. 2006ರ ಜೂನ್‌ನಲ್ಲಿ ಕಾರು ಕೊಳ್ಳೋಣ ಅಂತ ನನ್ನ ಸಂಬಳ ಬರುತ್ತಿದ್ದ ಬ್ಯಾಂಕಿಗೇ ಹೋದೆ. 7,500 ಪೌಂಡ್ ಸಾಲ, ಐದು ವರ್ಷ.

ಮೇಜಿನ ಆ ಕಡೆ ಕೂತಿದ್ದ ಹುಡುಗಿ ತುಂಬಾ ಒಳ್ಳೆಯವಳು. ಅದನ್ನು ಈಗಲೂ ಹೇಳುತ್ತೇನೆ. ನನ್ನ ಹೆಸರನ್ನು ಸರಿಯಾಗಿ ಉಚ್ಚರಿಸಲು ಮೂರು ಸಲ ಪ್ರಯತ್ನಪಟ್ಟಳು. ಕಂಪ್ಯೂಟರಿನಲ್ಲಿ ಏನೇನೋ ಒತ್ತಿ, "ತಿಂಗಳಿಗೆ 187 ಪೌಂಡ್ ಆಗುತ್ತೆ, ನಿಮಗೆ ಕಾಯಿಲೆಯಾದರೆ, ಕೆಲಸ ಹೋದರೆ ನಾವೇ ನೋಡಿಕೊಳ್ತೀವಿ" ಅಂದಳು. ಆ 187ರಲ್ಲಿ ಸಾಲದ್ದು ಎಷ್ಟು, ವಿಮೆಯದ್ದು ಎಷ್ಟು ಅಂತ ಬಿಡಿಸಿ ಹೇಳಲಿಲ್ಲ. ನಾನೂ ಕೇಳಲಿಲ್ಲ. ಸಾಲ ಅಂದರೆ ಹೀಗೇ ಇರುತ್ತೆ ಅಂದುಕೊಂಡೆ. ವಿಮೆ ಬೇಡ ಅಂದರೂ ಸಾಲ ಸಿಗುತ್ತದೆ ಎಂಬುದೇ ನನ್ನ ತಲೆಗೆ ಹೊಳೆಯಲಿಲ್ಲ. ಬೇಡ ಅನ್ನಬಹುದು ಅಂತ ಯಾರೂ ಹೇಳಿರಲಿಲ್ಲ.

ಈ ವಿಮೆಗೆ ಪೇಮೆಂಟ್ ಪ್ರೊಟೆಕ್ಷನ್ ಇನ್ಶೂರೆನ್ಸ್ ಅಂತ ಹೆಸರು. ಬ್ರಿಟನ್‌ನಲ್ಲಿ ಎಲ್ಲರ ಬಾಯಲ್ಲೂ ಪಿಪಿಐ. ನನ್ನದು ಒಂದೇ ಕಂತಿನ ಪ್ರೀಮಿಯಂ. ಅಂದರೆ ಐದು ವರ್ಷದ ವಿಮೆಯ ದುಡ್ಡು 1,620 ಪೌಂಡನ್ನು ಮೊದಲ ದಿನವೇ ಸಾಲಕ್ಕೆ ಸೇರಿಸಿಬಿಟ್ಟರು. ನನ್ನ ಕೈಗೆ ಬಂದದ್ದು 7,500. ನಾನು ಹೊತ್ತ ಸಾಲ 9,120. ಆ ವಿಮೆಯ ದುಡ್ಡಿಗೂ ಐದು ವರ್ಷ ಬಡ್ಡಿ ಕಟ್ಟಿದೆ. ತಿಂಗಳಿಗೆ 33 ಪೌಂಡ್ ಚಿಲ್ಲರೆ ಬರೀ ಅದಕ್ಕೇ ಹೋಗುತ್ತಿತ್ತು. ಎಲ್ಲಾ ಸೇರಿ ಹತ್ತಿರ ಹತ್ತಿರ 2,000. ಆ 33 ಪೌಂಡ್ ಉಳಿಸಲು ನಾನು ಎಷ್ಟು ಶನಿವಾರ ಹೆಚ್ಚುವರಿ ಶಿಫ್ಟ್ ಮಾಡಿದ್ದೇನೆ ಅಂತ ನನಗೆ ಗೊತ್ತು.

ನನ್ನೊಬ್ಬಳ ಕಥೆಯಾಗಿದ್ದರೆ ಬರೆಯುತ್ತಿರಲಿಲ್ಲ. ಆ ದೇಶದಲ್ಲಿ ಇಂಥ ಪಾಲಿಸಿಗಳು 6 ಕೋಟಿಗೂ ಜಾಸ್ತಿ ಮಾರಾಟವಾಗಿದ್ದವು. ಗ್ರಾಹಕರಿಗೆ ಸಲಹೆ ಕೊಡುವ ಸಿಟಿಜನ್ಸ್ ಅಡ್ವೈಸ್ ಸಂಸ್ಥೆ 2005ರಲ್ಲೇ, ನಾನು ಸಾಲ ತೆಗೆದುಕೊಳ್ಳುವ ಮೊದಲೇ, ಸರ್ಕಾರದ ಕಚೇರಿಗೆ ಇದರ ಬಗ್ಗೆ ದೊಡ್ಡ ದೂರು ಕೊಟ್ಟಿತ್ತು. ಒಂದೇ ಕಂತಿನ ಪಾಲಿಸಿಗಳ ಮಾರಾಟ ನಿಲ್ಲಲು 2009 ಬರಬೇಕಾಯಿತು. ಹಳೆಯ ದೂರುಗಳನ್ನೆಲ್ಲ ನ್ಯಾಯವಾಗಿ ನೋಡಬೇಕು ಅಂತ 2010ರಲ್ಲಿ ನಿಯಮ ಬಂದಾಗ ಬ್ಯಾಂಕುಗಳ ಸಂಘ ಕೋರ್ಟಿಗೆ ಹೋಯಿತು. 2011ರ ಏಪ್ರಿಲ್‌ನಲ್ಲಿ ಹೈಕೋರ್ಟಿನಲ್ಲಿ ಸೋತಿತು, ಮೇಲ್ಮನವಿ ಹಾಕಲಿಲ್ಲ. ಪೇಪರಿನಲ್ಲಿ ದಿನಾ ಅದೇ ಸುದ್ದಿ. ಹಾಗಾಗಿಯೇ ನಾನೂ 2012ರ ಫೆಬ್ರವರಿಯಲ್ಲಿ ದೂರು ಬರೆದೆ. ಸೋತ ಮೇಲೆ ಬ್ಯಾಂಕುಗಳು ಸರಿಯಾಗಿ ನೋಡುತ್ತವೆ ಅಂದುಕೊಂಡಿದ್ದೆ. ಎಂಟು ವಾರ ಮುಗಿಯುವ ಮೊದಲೇ ಆ ದಪ್ಪ ಕಾಗದದ ಪತ್ರ ಬಂತು.

ಆಗಸ್ಟ್‌ನಲ್ಲಿ ಒಂದು ರಾತ್ರಿ, ಬ್ರೇಕಿನಲ್ಲಿ ಟೀ ಕುಡಿಯುವಾಗ, ನಮ್ಮ ವಾರ್ಡಿನ ಚೇಚಿ ಈ ವಿಷಯ ತೆಗೆದರು. ಕೇರಳದವರು, ನನಗಿಂತ ಹದಿನೈದು ವರ್ಷ ದೊಡ್ಡವರು. ಅವರದ್ದೂ ಅದೇ ಕಥೆ. ಬೇರೆ ಬ್ಯಾಂಕು, ಅದೇ ಉತ್ತರ. ಬ್ಯಾಂಕು ಮತ್ತು ಗ್ರಾಹಕರ ಜಗಳ ತೀರ್ಮಾನಿಸುವ ಹೊರಗಿನ ಸಂಸ್ಥೆಯಾದ ಓಂಬುಡ್ಸ್‌ಮನ್‌ಗೆ ಕಳಿಸಿದರೆ, "ಆರು ತಿಂಗಳು ಮೀರಿದೆ" ಅಂತ ವಾಪಸ್ ಬಂತಂತೆ. ಹನ್ನೊಂದು ದಿನ ಮೀರಿತ್ತು. ತಾಯಿಗೆ ಹುಷಾರಿಲ್ಲ ಅಂತ ಊರಿಗೆ ಹೋಗಿದ್ದರು, ಮರೆತಿದ್ದರು. ತಡವಾದ ದೂರನ್ನು ನೋಡಲು ಬ್ಯಾಂಕು ಒಪ್ಪಬೇಕು, ಇಲ್ಲವೇ ತಡಕ್ಕೆ ಅಸಾಧಾರಣ ಕಾರಣ ಇರಬೇಕು. ಬ್ಯಾಂಕು ಒಪ್ಪಲಿಲ್ಲ. ಅವರು ಕೊಟ್ಟ ಕಾರಣ ಸಾಲಲಿಲ್ಲ.

"ನಿನ್ನ ಪತ್ರದ ತಾರೀಖು ಎಷ್ಟು ಮೋಳೇ?" ಅಂತ ಕೇಳಿದರು. ಮೋಳೇ ಅಂದರೆ ಮಲಯಾಳದಲ್ಲಿ ಮಗಳೇ.

ಮನೆಗೆ ಬಂದು ಡ್ರಾಯರ್ ತೆಗೆದೆ. ಏಪ್ರಿಲ್ 10. ಎರಡನೇ ಹಾಳೆಯ ಕೆಳಗೆ, ನಾನು ಅವತ್ತು ಓದದೆ ಬಿಟ್ಟ ಜಾಗದಲ್ಲಿ, ಸ್ಪಷ್ಟವಾಗಿ ಬರೆದಿತ್ತು: ನಿಮಗೆ ಒಪ್ಪಿಗೆಯಿಲ್ಲದಿದ್ದರೆ ಈ ಪತ್ರದ ತಾರೀಖಿನಿಂದ ಆರು ತಿಂಗಳೊಳಗೆ ಫೈನಾನ್ಶಿಯಲ್ ಓಂಬುಡ್ಸ್‌ಮನ್ ಸರ್ವೀಸಿಗೆ ಹೋಗಬಹುದು. ಜೊತೆಗೆ ಒಂದು ಕರಪತ್ರವೂ ಇತ್ತು. ಲಕೋಟೆಯಿಂದ ಅದನ್ನು ಹೊರಗೇ ತೆಗೆದಿರಲಿಲ್ಲ ನಾನು. ಎರಡು ತಿಂಗಳು ಉಳಿದಿತ್ತು.

"ಅಂತಿಮ ಉತ್ತರ" ಅನ್ನುವುದು ಅಲ್ಲಿನ ನಿಯಮದ ಮಾತು. ಬ್ಯಾಂಕು ಆ ಮಾತು ಬರೆದರೆ ಅದರ ಕಡೆಯ ಕೆಲಸ ಮುಗಿಯಿತು, ಇನ್ನು ನೀವು ಹೊರಗಿನವರ ಹತ್ತಿರ ಹೋಗಬಹುದು ಅಂತ ಅರ್ಥ. ನಾನು ಬಾಗಿಲು ಮುಚ್ಚಿದ ಸದ್ದು ಅಂದುಕೊಂಡಿದ್ದೆ, ಬಾಗಿಲು ತೆರೆದಿದ್ದೇ ಆ ಪತ್ರದಿಂದ. ಒಂದು ವೇಳೆ ಎಂಟು ವಾರವಾದರೂ ಉತ್ತರವೇ ಬರದಿದ್ದರೆ ಕಾಯಬೇಕಾಗಿಲ್ಲ, ನೇರ ಹೋಗಬಹುದು. ಓಂಬುಡ್ಸ್‌ಮನ್‌ಗೆ ನಾವು ಒಂದು ಪೆನ್ನಿಯೂ ಕೊಡಬೇಕಾಗಿಲ್ಲ. ವಕೀಲರೂ ಬೇಡ.

ಆ ದಿನಗಳಲ್ಲಿ ಫೋನಿನ ಮೇಲೆ ಫೋನು ಬರುತ್ತಿತ್ತು. "ನಿಮ್ಮ ಪಿಪಿಐ ದುಡ್ಡು ನಾವು ವಾಪಸ್ ಕೊಡಿಸ್ತೀವಿ, ಸಿಕ್ಕಿದ್ದರಲ್ಲಿ ಕಾಲು ಭಾಗ ನಮಗೆ, ಮೇಲೆ ತೆರಿಗೆ." ಆಮೇಲೆ, 2018ರಲ್ಲಿ, ಅವರ ಶುಲ್ಕ ನೂರಕ್ಕೆ 20ಕ್ಕಿಂತ ಜಾಸ್ತಿ ಇರಬಾರದು ಅಂತ ಕಾನೂನು ಬಂತು. ನನ್ನ ಜೊತೆ ಕೆಲಸ ಮಾಡುವ ಇಬ್ಬರು ಅವರ ಕೈಗೆ ಕೊಟ್ಟರು. ಅವರು ತುಂಬುವ ಫಾರಂ ನಾವೇ ತುಂಬುವ ಅದೇ ಫಾರಂ. ಇನ್ನೂ ಕೆಟ್ಟದ್ದೇನು ಅಂದರೆ, ಎಲ್ಲರಿಗೂ ಒಂದೇ ಥರ ಬರೆದು ಕಳಿಸುತ್ತಿದ್ದರು. ನನ್ನ ಮಟ್ಟಿಗೆ ಗೆಲ್ಲುವುದು ಸೋಲುವುದು ಅಲ್ಲೇ ಇತ್ತು. ನನಗೆ ಮಾತ್ರ ಗೊತ್ತಿರುವುದನ್ನು ಬೇರೆ ಯಾರು ಬರೆಯುತ್ತಾರೆ?

ಮೊದಲು ನನ್ನ ಕಾಗದಗಳನ್ನೆಲ್ಲ ಕೊಡಿ ಅಂತ ಬ್ಯಾಂಕಿಗೆ ಬರೆದೆ. 1998ರ ಡೇಟಾ ಪ್ರೊಟೆಕ್ಷನ್ ಕಾನೂನಿನಲ್ಲಿ ಆ ಹಕ್ಕಿತ್ತು. ಆಗ 10 ಪೌಂಡ್ ಕೊಡಬೇಕಿತ್ತು, ಅವರಿಗೆ 40 ದಿನ ಸಮಯ. ಚೆಕ್ ಬರೆದು ಲಕೋಟೆಗೆ ಹಾಕಿದೆ, ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದೆ. ಸೆಪ್ಟೆಂಬರ್ ಮಧ್ಯದಲ್ಲಿ ದೊಡ್ಡ ಲಕೋಟೆ ಬಂತು.

ಊಟದ ಮೇಜಿನ ಮೇಲೆ ಎಲ್ಲಾ ಹರಡಿಕೊಂಡು ಕೂತೆ. ತಿರಸ್ಕಾರದ ಪತ್ರವನ್ನು ಪಕ್ಕದಲ್ಲಿಟ್ಟುಕೊಂಡೆ. ಅವರು ಕೊಟ್ಟ ಮೊದಲ ಕಾರಣ: "ವಿಮೆ ಐಚ್ಛಿಕ ಎಂದು ಬರೆದ ಜಾಗದಲ್ಲಿ ನೀವು ಗುರುತು ಹಾಕಿ ಸಹಿ ಮಾಡಿದ್ದೀರಿ." ಒಪ್ಪಂದದ ಹಾಳೆ ತೆಗೆದೆ. ಗುರುತು ಇತ್ತು. ಸಣ್ಣ ಚೌಕ, ಅದರೊಳಗೆ ಒಂದು ಎಕ್ಸ್.

ಎಷ್ಟು ಹೊತ್ತು ಆ ಎಕ್ಸ್ ನೋಡುತ್ತಾ ಕೂತಿದ್ದೆನೋ ಗೊತ್ತಿಲ್ಲ. ಆಮೇಲೆ ಹೊಳೆಯಿತು. ಅದು ಪೆನ್ನಿನ ಗುರುತಲ್ಲ. ನನ್ನ ವಿಳಾಸ, ಸಾಲದ ಮೊತ್ತ ಯಾವ ಅಕ್ಷರದಲ್ಲಿ ಪ್ರಿಂಟ್ ಆಗಿತ್ತೋ ಅದೇ ಅಕ್ಷರದ ಎಕ್ಸ್, ಚೌಕದ ಗೆರೆಗಳಿಗೆ ಸರಿಸಮ. ಆ ಹಾಳೆಯಲ್ಲಿ ಪೆನ್ನು ತಾಗಿದ್ದು ಒಂದೇ ಕಡೆ, ಕೆಳಗೆ ನನ್ನ ಸಹಿಯ ಹತ್ತಿರ. ಕಾಗದ ಪ್ರಿಂಟರಿನಿಂದ ಹೊರಗೆ ಬರುವಾಗಲೇ ನನ್ನ ಪರವಾಗಿ "ಬೇಕು" ಅಂದಾಗಿತ್ತು. ಆಯ್ಕೆ ನಾನು ಮಾಡಲಿಲ್ಲ, ಮಾಡಿದ ಆಯ್ಕೆಯ ಕೆಳಗೆ ಸಹಿ ಹಾಕಿದೆ.

ಎರಡನೇ ಕಾರಣ: "ಈ ವಿಮೆ ನಿಮ್ಮ ಪರಿಸ್ಥಿತಿಗೆ ಹೊಂದುತ್ತಿತ್ತು." 2005ರ ಜನವರಿಯಿಂದ ವಿಮೆ ಮಾರುವವರ ಮೇಲೆ ಆಗಿನ ಹಣಕಾಸು ನಿಯಂತ್ರಕ ಸಂಸ್ಥೆ ಎಫ್‌ಎಸ್‌ಎಯ ನಿಯಂತ್ರಣ ಬಂದಿತ್ತು. ಗ್ರಾಹಕರಿಗೆ ಏನು ಬೇಕು, ಅವರ ಪರಿಸ್ಥಿತಿ ಏನು ಅಂತ ಬರೆದು ಕೊಡಬೇಕಿತ್ತು. ನನ್ನ ಫೈಲಿನಲ್ಲೂ ಅಂಥ ಒಂದು ಹಾಳೆ ಇತ್ತು. ಕೆಲಸ: ನರ್ಸ್. ಸಂಬಳ: ಇಷ್ಟು. ಕಾಯಿಲೆ ರಜೆಯಲ್ಲಿ ಸಂಬಳ ಎಷ್ಟು ದಿನ: ಖಾಲಿ. ಈಗಿರುವ ಆರೋಗ್ಯದ ತೊಂದರೆ: ಖಾಲಿ.

ಆ ಎರಡು ಖಾಲಿ ಜಾಗ ನೋಡಿ ನನ್ನ ನಾಚಿಕೆ ಹೋಯಿತು. ಕೇಳಿದ್ದರೆ ಹೇಳುತ್ತಿದ್ದೆ. ಎನ್‌ಎಚ್‌ಎಸ್‌ನಲ್ಲಿ ಐದು ವರ್ಷ ಪೂರ್ತಿಯಾದವರಿಗೆ ಕಾಯಿಲೆ ಬಿದ್ದರೆ ಆರು ತಿಂಗಳು ಪೂರ್ತಿ ಸಂಬಳ, ಆಮೇಲೆ ಆರು ತಿಂಗಳು ಅರ್ಧ ಸಂಬಳ ಸಿಗುತ್ತದೆ. ನನಗೆ ಐದು ವರ್ಷ ಆಗಿತ್ತು. ಇನ್ನು ಆರೋಗ್ಯ. 2003ರಲ್ಲಿ ಒಬ್ಬ ರೋಗಿಯನ್ನು ಹಾಸಿಗೆಯಿಂದ ಕುರ್ಚಿಗೆ ಎತ್ತುವಾಗ ನನ್ನ ಬೆನ್ನು ಹಿಡಿದುಕೊಂಡಿತ್ತು. ಮೂರು ವಾರ ರಜೆ. ಅಲ್ಲಿಂದ ಆ ನೋವು ಬಂದು ಹೋಗಿ ಮಾಡುತ್ತಲೇ ಇತ್ತು. ನರ್ಸ್‌ಗಳಲ್ಲಿ ಬೆನ್ನು ನೋವಿಲ್ಲದವರು ಯಾರಿದ್ದಾರೆ ಹೇಳಿ.

ಪಾಲಿಸಿಯ ಪುಸ್ತಕ ತೆಗೆದೆ. ಸಣ್ಣ ಅಕ್ಷರ. ಹನ್ನೊಂದನೇ ಪುಟದಲ್ಲಿ, ಯಾವುದಕ್ಕೆಲ್ಲ ಹಣ ಕೊಡುವುದಿಲ್ಲ ಎಂಬ ಪಟ್ಟಿಯಲ್ಲಿ, ನಾಲ್ಕನೆಯದು: ಬೆನ್ನು ನೋವು, ಎಕ್ಸ್‌ರೇ ಅಥವಾ ಸ್ಕ್ಯಾನಿನಲ್ಲಿ ಕಾರಣ ಕಾಣಿಸಿದರೆ ಮಾತ್ರ ಹಣ. ನನ್ನ ಎಕ್ಸ್‌ರೇಯಲ್ಲಿ ಏನೂ ಕಾಣಿಸಿರಲಿಲ್ಲ. ಸ್ನಾಯುವಿನ ನೋವು ಎಕ್ಸ್‌ರೇಯಲ್ಲಿ ಕಾಣಿಸುವುದೂ ಇಲ್ಲ. ನಾನು ಕೆಲಸಕ್ಕೆ ಹೋಗದ ಹಾಗೆ ಆಗುವುದಿದ್ದರೆ ಅದು ಬೆನ್ನಿನಿಂದಲೇ. ಅದಕ್ಕೇ ಈ ವಿಮೆ ಇಲ್ಲ.

ಆ ಪುಟದ ಮೇಲೆ ಕೈ ಇಟ್ಟುಕೊಂಡು ಕೂತಾಗ ಮೊದಲ ಸಲ ಸಿಟ್ಟು ಬಂತು. ಆ ಹುಡುಗಿಯ ಮೇಲಲ್ಲ. ಅವಳಿಗೂ ತಿಂಗಳಿಗೆ ಇಷ್ಟು ಅಂತ ಗುರಿ ಇಟ್ಟಿದ್ದಿರಬೇಕು. ನನ್ನನ್ನು ಒಂದೇ ಒಂದು ಪ್ರಶ್ನೆ ಕೇಳದೆ "ನಿಮಗೆ ಹೊಂದುತ್ತಿತ್ತು" ಅಂತ ಆರು ವರ್ಷದ ಮೇಲೆ ಬರೆದು ಕಳಿಸಿದ್ದಾರಲ್ಲ, ಆ ಧೈರ್ಯದ ಮೇಲೆ.

ಓಂಬುಡ್ಸ್‌ಮನ್‌ನ ಪಿಪಿಐ ಫಾರಂ ಹಲವು ಪುಟದ್ದು. ಎಲ್ಲಿ ಮಾರಿದರು, ಎದುರು ಕೂತೋ ಫೋನಿನಲ್ಲೋ, ಏನು ಹೇಳಿದರು, ಆಗ ನಿಮ್ಮ ಕೆಲಸ ಏನು, ಆರೋಗ್ಯ ಹೇಗಿತ್ತು. ಬ್ಯಾಂಕು ಕೇಳದೆ ಬಿಟ್ಟದ್ದನ್ನು ಒಂದೊಂದಾಗಿ ಇವರು ಕೇಳಿದ್ದರು. ಎರಡು ಸಂಜೆ ಕೂತು ತುಂಬಿದೆ. ಮೊದಲ ಕರಡಿನಲ್ಲಿ ಪೇಪರಿನಲ್ಲಿ ಓದಿದ ದೊಡ್ಡ ದೊಡ್ಡ ಮಾತುಗಳನ್ನೆಲ್ಲ ಬರೆದಿದ್ದೆ. ಎರಡನೇ ದಿನ ಅದನ್ನೆಲ್ಲ ಹೊಡೆದು ಹಾಕಿದೆ. ರೋಗಿಯ ಕೇಸ್ ಶೀಟ್ ಬರೆಯುವ ಹಾಗೆ ಬರೆದೆ. ಏನಾಯಿತು, ಯಾವಾಗ, ಯಾವ ಕಾಗದದ ಯಾವ ಪುಟದಲ್ಲಿದೆ. ನೆನಪಿಲ್ಲದ್ದಕ್ಕೆ ನೆನಪಿಲ್ಲ ಅಂತಲೇ ಬರೆದೆ. ಆ ಹುಡುಗಿ "ಕಡ್ಡಾಯ" ಎಂಬ ಪದ ಬಳಸಿದಳಾ? ಇಲ್ಲ, ನನಗೆ ಹಾಗೆ ನೆನಪಿಲ್ಲ. ಬಳಸಿದಳು ಅಂತ ಬರೆದರೆ ಕೇಸು ಗಟ್ಟಿಯಾಗುತ್ತೆ ಅಂತ ಒಬ್ಬರು ಹೇಳಿದರು. ಬರೆಯಲಿಲ್ಲ. ಸುಳ್ಳು ಒಂದು ಸೇರಿದರೆ ಪಕ್ಕದಲ್ಲಿರುವ ನಿಜವೂ ಹಾಳಾಗುತ್ತದೆ.

ಬ್ಯಾಂಕಿನ ಪತ್ರದಲ್ಲಿ ಇನ್ನೊಂದು ವಾದವೂ ಇತ್ತು. ಕಾಯಿಲೆ ರಜೆಯ ಸಂಬಳ ಬಂದರೂ ವಿಮೆಯ ಹಣ ಅದರ ಮೇಲೆ ಸಿಗುತ್ತಿತ್ತು, ಹಾಗಾಗಿ ಲಾಭವೇ ಅಂತ. ಇದು ಪೂರ್ತಿ ಸುಳ್ಳಲ್ಲ. ಎಷ್ಟೋ ಜನರಿಗೆ ಈ ವಿಮೆ ನಿಜವಾಗಿ ಉಪಯೋಗಕ್ಕೆ ಬಂದಿದೆ, ಸ್ವಂತ ಕಾಯಿಲೆ ರಜೆ ಇಲ್ಲದವರಿಗೆ ಆಸರೆಯಾಗಿದೆ. ಹಾಗಾಗಿ ವಿಮೆಯೇ ಕೆಲಸಕ್ಕೆ ಬಾರದ್ದು ಅಂತ ನಾನು ವಾದಿಸಲಿಲ್ಲ. ಆರು ತಿಂಗಳು ಪೂರ್ತಿ ಸಂಬಳ ಇರುವವಳು, ಬೆನ್ನಿನ ತೊಂದರೆ ಇರುವವಳು, 1,620 ಪೌಂಡ್ ಅಂತ ಬಿಡಿಸಿ ಹೇಳಿದ್ದರೆ ಇದನ್ನು ಕೊಳ್ಳುತ್ತಿದ್ದಳಾ? ಇಷ್ಟೇ ಬರೆದೆ. ಲಂಡನ್ನಿನ ಸೌತ್ ಕೀ ಪ್ಲಾಜಾ ವಿಳಾಸಕ್ಕೆ ಸೆಪ್ಟೆಂಬರ್ ಕೊನೆಯಲ್ಲಿ ಕಳಿಸಿದೆ.

ಆಮೇಲೆ ಕಾಯುವುದು. ಲಕ್ಷಗಟ್ಟಲೆ ದೂರುಗಳು ಒಟ್ಟಿಗೆ ಬಂದು ಬಿದ್ದಿದ್ದವು. ವರ್ಷವೇ ಕಳೆಯಿತು. ನಡುವೆ ಒಂದೆರಡು ಪತ್ರ, ಒಂದು ಫೋನು. ಫೋನ್ ಮಾಡಿದವರು ಆ ಎಕ್ಸ್ ಬಗ್ಗೆ ಕೇಳಿದರು. ಮೂಲ ಕಾಗದವೇ ನನ್ನ ಹತ್ತಿರ ಇದೆಯಾ ಅಂತ. ಇಲ್ಲ, ಬ್ಯಾಂಕು ಕಳಿಸಿದ ನಕಲಿನಲ್ಲೇ ಹಾಗೆ ಕಾಣುತ್ತದೆ ಅಂದೆ. "ಹೌದು, ನನಗೂ ಹಾಗೇ ಕಾಣಿಸ್ತು" ಅಂದರು. ಆ ಒಂದು ಮಾತಿನಿಂದ ನನಗೆ ಎಷ್ಟು ಸಮಾಧಾನವಾಯಿತು ಅಂತ ಹೇಳಲಾರೆ. ನನ್ನ ಕಾಗದವನ್ನು ಒಬ್ಬರು ಕಣ್ಣಿಟ್ಟು ನೋಡಿದ್ದರು.

2013ರ ಅಕ್ಟೋಬರ್‌ನಲ್ಲಿ, ಓಂಬುಡ್ಸ್‌ಮನ್ ಕಚೇರಿಯಲ್ಲಿ ಮೊದಲು ಕಡತ ನೋಡುವ ಅಧಿಕಾರಿಯ ಅಭಿಪ್ರಾಯ ಬಂತು. ನಾಲ್ಕು ಪುಟ. ಓಂಬುಡ್ಸ್‌ಮನ್ ಹತ್ತಿರ ಯಾರೂ ಸಿಸಿಟಿವಿ ಹಿಡಿದು ನಿಲ್ಲುವುದಿಲ್ಲ. ಎರಡೂ ಕಡೆಯ ಮಾತು, ಕಾಗದ ಇಟ್ಟುಕೊಂಡು, ಯಾವುದು ನಡೆದಿರುವ ಸಾಧ್ಯತೆ ಜಾಸ್ತಿ ಅಂತ ತೂಗುತ್ತಾರೆ. ಬೆನ್ನು ನೋವಿನ ಷರತ್ತನ್ನು ನನಗೆ ಸ್ಪಷ್ಟವಾಗಿ ತಿಳಿಸಿದ ಪುರಾವೆ ಇಲ್ಲ, ವೆಚ್ಚವನ್ನು ಬಿಡಿಸಿ ಹೇಳಿದ ಪುರಾವೆ ಇಲ್ಲ, ಹೇಳಿದ್ದರೆ ನಾನು ಕೊಳ್ಳುತ್ತಿರಲಿಲ್ಲ ಅಂತ ಬರೆದಿದ್ದರು. ಬ್ಯಾಂಕು ಒಪ್ಪಿತು. ಒಪ್ಪದಿದ್ದರೆ ಕಡತ ಓಂಬುಡ್ಸ್‌ಮನ್ ಮುಂದೆ ಹೋಗುತ್ತಿತ್ತು. ಅಲ್ಲಿನ ತೀರ್ಮಾನವನ್ನು ನಾನು ಒಪ್ಪಿದರೆ ಬ್ಯಾಂಕು ಅದಕ್ಕೆ ಕಟ್ಟುಬೀಳಲೇಬೇಕು. ನನಗೆ ಒಪ್ಪಿಗೆಯಿಲ್ಲದಿದ್ದರೆ ಕೋರ್ಟಿನ ದಾರಿ ಆಗಲೂ ಇರುತ್ತಿತ್ತು.

ವಿಮೆಗೆ ಕಟ್ಟಿದ್ದು, ಅದರ ಬಡ್ಡಿ, ಅದರ ಮೇಲೆ ನಾನು ದುಡ್ಡಿಲ್ಲದೆ ಕಳೆದ ಕಾಲಕ್ಕೆ ವರ್ಷಕ್ಕೆ 8%ರಂತೆ ಸರಳ ಬಡ್ಡಿ, ಆ ಸರಳ ಬಡ್ಡಿಯಲ್ಲಿ ತೆರಿಗೆ ಕಳೆದು, ಒಟ್ಟು 2,600 ಪೌಂಡ್ ಚಿಲ್ಲರೆ ನವೆಂಬರ್‌ನಲ್ಲಿ ಕೈಗೆ ಬಂತು. ಜೊತೆಗಿದ್ದ ಪತ್ರದಲ್ಲಿ ಕ್ಷಮೆಯ ಮಾತು ಇರಲಿಲ್ಲ. ಪರವಾಗಿಲ್ಲ, ನಾಲ್ಕು ಪುಟ ನನ್ನ ಹತ್ತಿರ ಇದ್ದವು.

ತಿರಸ್ಕಾರದ ಪತ್ರಗಳು ಹೇಗೆ ತಯಾರಾಗುತ್ತಿದ್ದವು ಅಂತ ಆಮೇಲೆ ಸ್ವಲ್ಪ ಗೊತ್ತಾಯಿತು. 2015ರ ಜೂನ್‌ನಲ್ಲಿ ಎಫ್‌ಎಸ್‌ಎ ಜಾಗಕ್ಕೆ ಬಂದಿದ್ದ ನಿಯಂತ್ರಕರಾದ ಎಫ್‌ಸಿಎ ಒಂದು ದೊಡ್ಡ ಬ್ಯಾಂಕ್ ಸಮೂಹಕ್ಕೆ 11.7 ಕೋಟಿ ಪೌಂಡ್ ದಂಡ ಹಾಕಿತು. ನನ್ನ ಬ್ಯಾಂಕು ಅದಲ್ಲ. ಮಾರಾಟ ಮಾಡಿದ್ದಕ್ಕಲ್ಲ, ದೂರುಗಳನ್ನು ನೋಡಿದ ರೀತಿಗೆ ದಂಡ. ಮಾರಾಟದ ಪದ್ಧತಿ ಸರಿಯಾಗಿಯೇ ಇತ್ತು ಅಂದುಕೊಂಡು ದೂರು ನೋಡಿ ಅಂತ ಅಲ್ಲಿ ಸಿಬ್ಬಂದಿಗೆ ಹೇಳಿಕೊಟ್ಟಿದ್ದರು. ಅಂದರೆ ಗ್ರಾಹಕರ ಪತ್ರ ಒಡೆಯುವ ಮೊದಲೇ ಉತ್ತರದ ಅರ್ಧ ಬರೆದಾಗಿತ್ತು. ಆ ಸುದ್ದಿ ಓದುವಾಗ ಮತ್ತೆ ನನ್ನ ಕಣ್ಣ ಮುಂದೆ ಬಂದದ್ದು ಪ್ರಿಂಟ್ ಆದ ಆ ಎಕ್ಸ್.

ಚೇಚಿಯ ಹನ್ನೊಂದು ದಿನ ಮಾತ್ರ ನನ್ನ ಎದೆಯಲ್ಲಿ ಮುಳ್ಳಿನ ಹಾಗೆ ಉಳಿದಿತ್ತು. ನನ್ನನ್ನು ಎಚ್ಚರಿಸಿದವರು ಅವರು, ದುಡ್ಡು ಬಂದದ್ದು ನನಗೆ. ಅವರಿಗೆ ದಾರಿ ತೆರೆದದ್ದು ಪ್ಲೆವಿನ್ ಎಂಬ ಮಹಿಳೆಯ ಮೊಕದ್ದಮೆ. 34,000 ಪೌಂಡ್ ಸಾಲ ತೆಗೆದುಕೊಂಡಿದ್ದ ಆಕೆಯ ವಿಮೆಯ ಪ್ರೀಮಿಯಂ 5,780. ಅದರಲ್ಲಿ ನೂರಕ್ಕೆ 71.8 ಭಾಗ ಕಮಿಷನ್ ಆಗಿ ಹೋಗಿತ್ತು, ಆಕೆಗೆ ಹೇಳಿರಲಿಲ್ಲ. ಅದನ್ನು ಮುಚ್ಚಿಟ್ಟದ್ದು ಅನ್ಯಾಯ ಅಂತ 2014ರ ನವೆಂಬರ್‌ನಲ್ಲಿ ಬ್ರಿಟನ್‌ನ ಸುಪ್ರೀಂ ಕೋರ್ಟ್ ಹೇಳಿತು. ಅದರ ಮೇಲೆ ಎಫ್‌ಸಿಎ ನಿಯಮ ಮಾಡಿತು. ಕಮಿಷನ್ ಅರ್ಧಕ್ಕಿಂತ ಜಾಸ್ತಿ ಇದ್ದು, ಗ್ರಾಹಕರಿಗೆ ಹೇಳಿರದಿದ್ದರೆ, ಆ ಜಾಸ್ತಿ ಭಾಗ ವಾಪಸ್ ಕೊಡಬೇಕಿತ್ತು. ಮೊದಲು ದೂರು ಕೊಟ್ಟು "ಇಲ್ಲ" ಅನ್ನಿಸಿಕೊಂಡವರೂ ಇದಕ್ಕಾಗಿ ಮತ್ತೆ ಕೇಳಬಹುದಿತ್ತು. ಕೊನೆಯ ದಿನ 2019ರ ಆಗಸ್ಟ್ 29 ಆಗಿತ್ತು.

ಚೇಚಿ ಅಷ್ಟರಲ್ಲಿ ನಿವೃತ್ತಿಯಾಗಿದ್ದರು. 2018ರ ಬೇಸಿಗೆಯಲ್ಲಿ ಅವರ ಮನೆಗೆ ಹೋಗಿ, ಇಬ್ಬರೂ ಕೂತು ಬ್ಯಾಂಕಿಗೆ ಮತ್ತೆ ಬರೆದೆವು. ಈ ಸಲ ತಾರೀಖನ್ನು ಅವರ ಫ್ರಿಜ್ಜಿನ ಬಾಗಿಲ ಮೇಲೆ ನಾನೇ ಕೆಂಪು ಪೆನ್ನಿನಲ್ಲಿ ಬರೆದು ಅಂಟಿಸಿದೆ. ಎರಡು ತಿಂಗಳ ಮೇಲೆ ಫೋನ್ ಮಾಡಿ ಬಾ ಅಂದರು. ಹೋದೆ. ಕನ್ನಡಕ ಹಾಕಿಕೊಂಡು ಪತ್ರ ಹಿಡಿದು ಕೂತಿದ್ದರು. ಮೊತ್ತ ದೊಡ್ಡದಲ್ಲ, ಕೆಲವು ನೂರು ಪೌಂಡ್. ಅವರ ಬೆರಳು ಇದ್ದದ್ದು ಅದರ ಮೇಲಲ್ಲ, ಮೇಲಿನ ಸಾಲಿನಲ್ಲಿದ್ದ ಇನ್ನೊಂದು ಸಂಖ್ಯೆಯ ಮೇಲೆ. ನಿಮ್ಮ ಪ್ರೀಮಿಯಂನಲ್ಲಿ ಕಮಿಷನ್: 67%.

"ನೂರರಲ್ಲಿ ಅರವತ್ತೇಳು ಅವರಿಗೇನಾ?" ಅಂದರು. ಇನ್ನೊಂದು ಸಲ ಓದಿದರು. ಆಮೇಲೆ ಪತ್ರವನ್ನು ನನ್ನ ಕೈಗೆ ಕೊಟ್ಟು, "ನೀನೂ ಒಂದು ಸಲ ನೋಡು ಮೋಳೇ, ನಾನು ಸರಿಯಾಗಿ ಓದ್ತಿದ್ದೀನಾ" ಅಂದರು.